ಓಗೊಟ್ಟ ಬಂಡೆ

ಮಳಗೂರಿನ ಹಳೇಪೇಟೆ ಮುಗಿಯುವಲ್ಲಿ, ಬಸ್ ನಿಲ್ದಾಣದ ಹಿಂಬದಿಗೆ, ಒಂದು ಕರಿಬಂಡೆ ಇದೆ. ಅದರ ಮೈತುಂಬ ತಕ್ಕಡಿ, ಗಾಣ, ಮಗ್ಗದ ಲಾಳಿಗಳ ಗುರುತು. ಪ್ರತಿ ಗುರುತಿನ ಕೆಳಗೂ ಹಳಗಾಲದ ಅಕ್ಷರಗಳಲ್ಲಿ ಒಂದೊಂದು ಅಂಗಡಿಯ ಹೆಸರು. ಈಗಿನವರು ಅಂಗಡಿಯ ಹೆಸರು ನೋಂದಾಯಿಸಲು ಸರ್ಕಾರಿ ಕಚೇರಿಗೆ ಹೋಗುತ್ತಾರೆ. ಆಗ ಆ ಕೆಲಸ ನಡೆಯುತ್ತಿದ್ದುದು ಈ ಬಂಡೆಯ ಮುಂದೆ. ಪೇಟೆಯ ಹಿರಿಯನಾದ ಪಟ್ಟಣಶೆಟ್ಟಿ ಹತ್ತು ಜನರ ಎದುರು ಹೆಸರನ್ನು ಕೂಗುವನು. ಹೆಸರಿನ ಒಡೆಯರು ‘ಓ’ ಎಂದು ಓಗೊಡಬೇಕು. ಒಡೆಯರು ತೀರಿಹೋಗಿದ್ದರೆ ಮನೆಯ ವಾರಸುದಾರರು ಓಗೊಡಬಹುದು. ಆಮೇಲೆ ಕಲ್ಲುಕುಟಿಗ ಹೆಸರನ್ನು ಕೆತ್ತುವನು. ಕೆತ್ತಿದ ಹೆಸರಿನಲ್ಲಿ ಬೇರೆ ಯಾರೂ ವ್ಯಾಪಾರ ಮಾಡುವಂತಿರಲಿಲ್ಲ.

ಹಿಂದೆ ಒಮ್ಮೆ ಈ ಪೇಟೆಯಲ್ಲಿ ಹಾಲವ್ವ ಎಂಬ ವಿಧವೆ ಇದ್ದಳಂತೆ. ತನ್ನ ಹಣೆಗಿಲ್ಲದ ಕುಂಕುಮವನ್ನು ಊರ ಹೆಂಗಸರಿಗೆಲ್ಲ ಮಾಡಿಕೊಟ್ಟು ಮಗಳು ಗಿರಿಜವ್ವನನ್ನು ಸಾಕಿದವಳು. ಅರಿಸಿನಕ್ಕೆ ನಿಂಬೆರಸ ಹಿಂಡಿ, ನೆರಳಲ್ಲೇ ಒಣಗಿಸಿ, ಕುಟ್ಟಿ ಸೋಸಿದ ಅವಳ ಕುಂಕುಮಕ್ಕಾಗಿ ಸುತ್ತಲ ಊರುಗಳವರು ನಡೆದು ಬರುತ್ತಿದ್ದರು. ಹೆಸರು ಎಲ್ಲರ ಬಾಯಲ್ಲೇ ಇದ್ದುದರಿಂದ ಅದನ್ನು ಕಲ್ಲಿನ ಮೇಲೆ ಕೆತ್ತಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅವಳು ಜ್ವರದಲ್ಲಿ ತೀರಿಕೊಂಡ ವರ್ಷವೇ ಮೈದುನ ಸಂಕಣ್ಣ ‘ಹಾಲವ್ವನ ಕುಂಕುಮ’ ಎಂಬ ಹೆಸರನ್ನು ತನ್ನದಾಗಿಸಿಕೊಳ್ಳಲು ಹೊರಟನು. “ಕಾಕಾ, ಅವ್ವನ ಹೆಸರು ನನಗ ಇರಲಿ” ಎಂದು ಗಿರಿಜವ್ವ ಕಾಲು ಹಿಡಿದಳು. “ಅಲ್ಲಿ ಬಾಯಿ ತೆರೆದ್ಯೋ, ಈ ಮನೀ ಹೊಸ್ತಿಲು ನಿನಗಿಲ್ಲ” ಎಂದನು ಸಂಕಣ್ಣ.

ಮರುದಿನ ಪೇಟೆ ನೆರೆಯಿತು. ಪಟ್ಟಣಶೆಟ್ಟಿ “ಹಾಲವ್ವಾ” ಎಂದು ಕೂಗಿದನು. ಸಂಕಣ್ಣ ಬಾಯಿ ತೆರೆಯುವ ಮೊದಲೇ ಬಂಡೆಯ ಒಳಗಿನಿಂದ “ಓ” ಎಂದು ಕೇಳಿಸಿತು. ಅಡಿಗೆಮನೆಯಲ್ಲಿ ಕೆಲಸದ ನಡುವೆ ಇದ್ದ ಹೆಂಗಸು ಓಗೊಟ್ಟ ಹಾಗೆ, ಸಣ್ಣ ದನಿ. ಆ ದನಿ ಯಾರದೆಂದು ನೆರೆದವರಿಗೆಲ್ಲ ಗೊತ್ತಿತ್ತು; ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಯಾರೋ ಕುಚೋದ್ಯ ಮಾಡಿದರೆಂದು ನಕ್ಕು ಸಂಕಣ್ಣ ತಾನೂ ‘ಓ’ ಎಂದು, ಹೆಸರನ್ನೂ ಅದರ ಪಕ್ಕದಲ್ಲಿ ತನ್ನ ಗುರುತನ್ನೂ ಕೆತ್ತಿಸಿಯೇ ಬಿಟ್ಟನು.

ಆದರೆ ಅಂಗಡಿಗೆ ಬಂದವರು “ಹಾಲವ್ವನ ಕುಂಕುಮ ಕೊಡ್ರಿ” ಎಂದಾಗಲೆಲ್ಲ ಒಳಕೋಣೆಯಿಂದ “ಓ” ಎನ್ನುವುದು ಕೇಳಿಸತೊಡಗಿತು. ಒಳಗೆ ಹೋಗಿ ನೋಡಿದರೆ ಬರಿಯ ಗಡಿಗೆಗಳು. ಕೊನೆಕೊನೆಗೆ ಸಂಕಣ್ಣನೇ ಗಿರಾಕಿಗಳಿಗೆ ಕೈಮುಗಿದು, “ಹೆಸರು ಹೇಳಬ್ಯಾಡ್ರಿ, ಬರೇ ಕುಂಕುಮ ಅನ್ರಿ” ಎಂದು ಬೇಡುತ್ತಿದ್ದನು. ಪೇಟೆಯೆಲ್ಲ ಆ ಅಂಗಡಿಗೆ ಹೆದರಿದರೂ ಗಿರಿಜವ್ವ ಮಾತ್ರ ದಿನವೂ ಬಂದು ಎದುರಿಗೆ ನಿಲ್ಲುವಳು. “ಅವ್ವಾ” ಎಂದು ಕರೆದರೆ ಮಾರುತ್ತರವಿಲ್ಲ. ಹೆತ್ತವಳನ್ನು ಹೆಸರು ಹಿಡಿದು ಕೂಗಲು ನಾಲಿಗೆ ಏಳದು. ಯಾರಾದರೂ ಗಿರಾಕಿ ಬಂದು ಆ ಹೆಸರೆತ್ತಲೆಂದು ಕಾದು ನಿಂತು, ದನಿ ಕೇಳಿ ಮನೆಗೆ ಹೋಗುವಳು.

ತಾಳಲಾರದೆ ಸಂಕಣ್ಣ ಹೆಸರನ್ನು ಬಿಟ್ಟುಕೊಡಲು ಒಪ್ಪಿದನು. ಪೇಟೆ ಮತ್ತೆ ಬಂಡೆಯ ಮುಂದೆ ಸೇರಿತು. ಪಟ್ಟಣಶೆಟ್ಟಿ ಕೂಗಿದನು; ಬಂಡೆ ಓಗೊಟ್ಟಿತು; ಗಿರಿಜವ್ವ ಕಣ್ಣು ಮುಚ್ಚಿ ಸುಮ್ಮನೆ ನಿಂತಿದ್ದಳು.

“ನೀ ಓ ಅನ್ನವ್ವಾ, ಹೆಸರು ನಿಂದಾಗತದ” ಎಂದನು ಶೆಟ್ಟಿ.

“ನಾ ಓ ಅಂದ್ರ ಅಕಿ ಮತ್ತ ಅನ್ನೂದಿಲ್ರೀ. ಇನ್ನೊಮ್ಮೆ ಕರೀರಿ.”

ಶೆಟ್ಟಿ ಮತ್ತೆ ಕರೆದನು. ಅವಳು ಬೇಡಿದಷ್ಟು ಸಲ ಕರೆದನು. ಬಿಸಿಲು ಇಳಿಯುತ್ತ ಬಂದಂತೆ ಬಂಡೆಯ ದನಿ ಕುಗ್ಗಿ, ಉಸಿರಿನಷ್ಟೇ ಆಯಿತು. “ಸಾಕ್ರೀ, ಅವ್ವ ದಣದಾಳ” ಎಂದು ಗಿರಿಜವ್ವ ಕಣ್ಣೊರೆಸಿಕೊಂಡಳು. ಶೆಟ್ಟಿ ಮತ್ತೊಮ್ಮೆ ಕರೆದಾಗ ಅವಳೇ “ಓ” ಎಂದಳು. ಆ ದನಿ ಮತ್ತೆಂದೂ ಕೇಳಿಸಲಿಲ್ಲ ಎನ್ನುತ್ತಾರೆ.

ಬಂಡೆಯ ಮೂಡಲ ಮಗ್ಗುಲಲ್ಲಿ ಹಾಲವ್ವನ ಹೆಸರು ಇಂದಿಗೂ ಕಾಣುತ್ತದೆ. ಅದರ ಪಕ್ಕದಲ್ಲಿ ಸಂಕಣ್ಣನ ಗುರುತನ್ನು ಉಳಿಯಿಂದ ಕೆತ್ತಿ ತೆಗೆದ ಗುಳಿಯಿದೆ. ಕಚೇರಿಯಲ್ಲಿ ಹೆಸರು ಬರೆಸಿದವರೂ ಅಂಗಡಿ ತೆರೆಯುವ ಮುಂಜಾನೆ ಇಲ್ಲಿಗೆ ಬರುತ್ತಾರೆ. ಬಂಡೆಯ ಎದುರು ನಿಂತು ತಮ್ಮ ಅಂಗಡಿಯ ಹೆಸರನ್ನು ತಾವೇ ಕೂಗುತ್ತಾರೆ. ಕೂಗಿದವರು ಉಸಿರೂ ಎಳೆದುಕೊಳ್ಳದೆ, ಬೇರೆ ಯಾರಾದರೂ ಓಗೊಡುವ ಮೊದಲು, ಗಡಿಬಿಡಿಯಿಂದ ತಾವೇ “ಓ” ಎನ್ನುತ್ತಾರೆ.