ಶ್! ಸಿಂಗಾರಿ ಹಾಡುತ್ತಿದ್ದಾಳೆ

ಮಕ್ಕಳೇ, ಬಿದಿರ ಮೆಳೆಯ ಪಕ್ಕದಲ್ಲೊಂದು ಕೆರೆ. ಕೆರೆಯ ಏರಿಯ ಮೇಲೊಂದು ಹಳೆಯ ಅತ್ತಿಮರ. ಆ ಮರದಲ್ಲಿ ಸಿಂಗಾರಿ ಎಂಬ ಗೊರವಂಕ ವಾಸವಾಗಿದ್ದಳು. ದನಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಲೋಕದಲ್ಲಿ ತನ್ನದೊಂದೇ ಹಾಡು, ಮಿಕ್ಕಿದ್ದೆಲ್ಲ ಬರೀ ಗಲಾಟೆ ಎಂದು ಅವಳು ತಿಳಿದಿದ್ದಳು.

ಒಂದು ಬೆಳಿಗ್ಗೆ ಅವಳು ರಾಗ ಎಳೆಯುತ್ತಿದ್ದಾಗ ಮೇಲಿನ ಕೊಂಬೆಯಿಂದ "ಟಕ್ ಟಕ್ ಟಕ್" ಎಂದು ಸದ್ದಾಯಿತು.

"ಏ ಮರಕುಟಿಗಣ್ಣ! ನಿಲ್ಲಿಸು ನಿನ್ನ ಬಡಿತ. ನನ್ನ ಹಾಡು ಕೆಡುತ್ತದೆ!"

"ಬಡಿಯದಿದ್ದರೆ ಹುಳ ಹೇಗಮ್ಮ ಸಿಗುತ್ತದೆ? ಗೂಡಿನಲ್ಲಿ ಮರಿಗಳು ಬಾಯಿ ತೆರೆದುಕೊಂಡು ಕೂತಿವೆ."

"ಇವತ್ತು ನನ್ನ ಹಾಡಿನ ಕಚೇರಿ. ಮುಗಿಯುವ ತನಕ ಯಾರೂ ಕಮಕ್ ಕಿಮಕ್ ಎನ್ನಬಾರದು!"

ಜೇನ್ನೊಣಗಳಿಗೆ ಗುಂಯ್‌ಗುಡಬೇಡಿ ಎಂದಳು. ಅಳಿಲಿಗೆ ಕಾಯಿ ಕಡಿಯಬೇಡ ಎಂದಳು. ಆಮೆಯಜ್ಜಿ ನೀರಿಗಿಳಿಯಲು ಹೊರಟರೆ, "ಅಜ್ಜೀ, ಬುಳುಕ್ ಅನ್ನುತ್ತದೆ, ಅಲ್ಲೇ ಇರಿ!" ಎಂದು ತಡೆದಳು. ನೆರೆಯವಳ ಮನಸ್ಸು ನೋಯಿಸುವುದೇಕೆ ಎಂದು ಎಲ್ಲರೂ ಮರದಡಿ ತೆಪ್ಪಗೆ ಕೂತರು.

ಸಿಂಗಾರಿ ಹಾಡಿದಳು. ಬಿಸಿಲೇರಿತು, ಹಾಡು ಮುಗಿಯಲಿಲ್ಲ. ಎಲ್ಲಾದರೂ ನಿಲ್ಲಿಸಿದರೆ ಕೇಳುವವರು ಎದ್ದು ಹೋದಾರೆಂದು ಉಸಿರೂ ಬಿಡದೆ ಹಾಡಿದಳು. ತಾಳ ತಪ್ಪಿತು. ಅಳಿಲು ತೂಕಡಿಸಿತು. ನೆರಳು ಸರಿದು ಆಮೆಯಜ್ಜಿಯ ಚಿಪ್ಪು ಕಾದು ಹಂಚಾಯಿತು.

"ಅಪ್ಪಾ, ಹಸಿವು!" ಮರಕುಟಿಗನ ಪುಟ್ಟ ಮರಿ ಗೂಡಿನಿಂದ ಕತ್ತು ಚಾಚಿ ಅತ್ತಿತು.

"ಶ್!" ಎಂದು ಗದರಿದ ಸಿಂಗಾರಿ, ಆ ಅಳು ಮುಚ್ಚಿಹೋಗಲಿ ಎಂದು ದನಿಯನ್ನು ಇನ್ನೂ ಮೇಲಕ್ಕೆ ಏರಿಸಿದಳು. ಇನ್ನೂ ಮೇಲಕ್ಕೆ... "ಕೀಂ... ಕರ್ರ್... ಕೊಸ್!"

ಗಂಟಲು ಕಟ್ಟಿಹೋಯಿತು!

ಮರಿಗಳು ಕಿಸಕ್ಕನೆ ನಕ್ಕವು. ಮರಕುಟಿಗ ಎದ್ದ. "ಮಕ್ಕಳ ಹೊಟ್ಟೆ ಕಾಯುವುದಿಲ್ಲಮ್ಮ" ಎಂದು ಕೊಂಬೆಗೆ ಹಾರಿದ. ಮಿಕ್ಕವರೂ ತಂತಮ್ಮ ಕೆಲಸಕ್ಕೆ ಹೊರಟರು.

ಬೈಯೋಣವೆಂದರೆ ಸಿಂಗಾರಿಗೆ ದನಿಯೇ ಇಲ್ಲ. ಸುಮ್ಮನೆ ಕೂರದೆ ವಿಧಿಯಿಲ್ಲ. ಕೂತಳು.

ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಕೇಳಿಸಿತು, "ಟಕ್ ಟಕ್ ಟಕ್." ಮರಕುಟಿಗ ಒಂದು ಚಣ ನಿಲ್ಲಿಸಿದ. ಆ ನಿಶ್ಶಬ್ದದಲ್ಲಿ ಬಿದಿರೆಲೆಗಳು ಸರಸರ ಎಂದವು. ಜೇನ್ನೊಣಗಳ ಗುಂಯ್ ಎಡೆಬಿಡದೆ ಸಾಗಿತ್ತು, ಯಾರೋ ಶ್ರುತಿ ಹಿಡಿದ ಹಾಗೆ. ಅಷ್ಟರಲ್ಲಿ ಆಮೆಯಜ್ಜಿ ನೀರಿಗಿಳಿದಳು. ಬುಳುಕ್! ಸರಿಯಾಗಿ ತಾಳಕ್ಕೇ ಬಿತ್ತು. ಸಿಂಗಾರಿಯ ಬಾಲ ತನ್ನಷ್ಟಕ್ಕೇ ಕುಣಿಯಿತು.

"ಅಜ್ಜೀ," ದನಿ ತುಸು ಮರಳಿದ ಮೇಲೆ, ನೀರಿನಿಂದ ತಲೆಯೆತ್ತಿದ ಆಮೆಯಜ್ಜಿಗೆ ಅವಳು ಪಿಸುಗುಟ್ಟಿದಳು, "ಇದೆಲ್ಲ ಇಷ್ಟು ದಿನ ಎಲ್ಲಿತ್ತು?"

"ಇಲ್ಲೇ ಇತ್ತು ಮಗಳೇ. ನಿನಗೇ ಬಿಡುವಿರಲಿಲ್ಲ."

ಸಿಂಗಾರಿಗೆ ನಾಚಿಕೆಯಾಯಿತು. ಹುಲ್ಲಿನಲ್ಲಿ ಹುಡುಕಿ ಒಂದು ದಪ್ಪ ಹುಳ ತಂದು, ಹಸಿದ ಮರಿಯ ಬಾಯಿಗಿಟ್ಟಳು. "ಅಣ್ಣಾ, ನೀನು ಕುಟ್ಟು. ನಾನು ಕೇಳುತ್ತೇನೆ" ಎಂದಳು.

ಮರಕುಟಿಗ ಕುಟ್ಟಿದ. ಅವನು ನಿಲ್ಲಿಸಿದ ಕಡೆ ಸಿಂಗಾರಿ ಒಂದು ಸಣ್ಣ ಸ್ವರ ಹಾಡಿದಳು; ಮತ್ತೆ ಸುಮ್ಮನಾಗಿ ಕಿವಿಗೊಟ್ಟಳು. ಅಳಿಲು ಕಾಯಿ ಕಡಿಯುವುದನ್ನು ಬಿಟ್ಟು ಕೂಗಿತು, "ಅಯ್ಯೋ, ಇಷ್ಟು ಬೇಗ ನಿಲ್ಲಿಸಿದೆಯಾ? ಇನ್ನೊಂದು ಹಾಡಮ್ಮ!"

ನೀತಿ: ಸುಮ್ಮನಿದ್ದು ಕೇಳಬಲ್ಲವರಿಗೆ ದಿನನಿತ್ಯದ ಸದ್ದೂ ಸಂಗೀತ, ಕೇಳಲು ಬಾರದವರ ಸಂಗೀತವೂ ಬರೀ ಸದ್ದು.