ಬಳೆಗಾರನ ಮೀನು

"ಬುದ್ಧಿ, ಬೆಳೆದು ದೊಡ್ಡವರಾದವರಿಂದ ಮಠದ ಸಾಮಾನು ಕಾಪಾಡೋದು ಹೇಗೆ?" ಎಂದು ಗುರುಮಲ್ಲ ಕೇಳಿದ.

ಗುರುಮಲ್ಲ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಈ ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಅವನ ದೂರು ಪುಟ್ಟಬಸವನ ಮೇಲೆ. ಪುಟ್ಟಬಸವ ಮಠದ ಅನ್ನ ಉಂಡು, ಮಠದ ಶಾಲೆಯಲ್ಲೇ ಓದಿ ಬೆಳೆದವನು. ಈಗ ನಾಲ್ಕು ಲಾರಿಗಳ ಯಜಮಾನ. ಹೆಸರಷ್ಟೇ ಪುಟ್ಟ, ಆಳು ಬಾಗಿಲು ತುಂಬ. ಪ್ರತಿ ಸೋಮವಾರ ಬರುತ್ತಾನೆ. ಗದ್ದುಗೆಗೆ ಕೈಮುಗಿದು ನೇರ ಅಡುಗೆಮನೆಗೆ ನುಗ್ಗುತ್ತಾನೆ. ಅಲ್ಲಿ ಒಲೆಯ ಪಕ್ಕ ಕಾಲು ಚಾಚಿ ಕೂತನೆಂದರೆ ಅಡುಗೆಯವರಿಗೆ ಓಡಾಡಲು ಜಾಗವಿರುವುದಿಲ್ಲ. ಹೋದ ತಿಂಗಳು ನೀರಿನ ಕೊಳಗ ಉರುಳಿಸಿದ್ದ. ಈ ವಾರ ಅವನ ಮೊಣಕೈ ತಗುಲಿ ಉಪ್ಪಿನಕಾಯಿ ಜಾಡಿ ಎರಡು ಹೋಳಾಯಿತು.

"ಬೈದ್ರೆ ನಗ್ತಾನೆ ಬುದ್ಧಿ. ಇನ್ನು ಸೋಮವಾರ ಬಂತು ಅಂದ್ರೆ ಅಡುಗೆಮನೆಗೆ ಬೀಗ ಹಾಕಿಬಿಡ್ತೀನಿ. ತಾವು ಹೂಂ ಅಂದ್ರೆ ಸಾಕು."

ಗುರುಗಳು ಹೂಂ ಅನ್ನಲಿಲ್ಲ. ಈ ಕತೆ ಹೇಳಿದರು.

ನಾನು ಕಾವಿ ಉಡುವುದಕ್ಕೆ ಮೊದಲಿನ ಮಾತು. ನಮ್ಮ ಊರಿನ ಪೇಟೆಯಲ್ಲಿ ಒಬ್ಬ ಬಳೆಗಾರನಿದ್ದ. ಅಕ್ಕನ ಹಿಂದೆ ನಾನೂ ಆ ಅಂಗಡಿಗೆ ಹೋಗುತ್ತಿದ್ದೆ. ಬಳೆ ನನಗೇಕೆ, ನನಗೆ ಬೇಕಾದದ್ದು ಅಲ್ಲಿದ್ದ ಗಾಜಿನ ಮೀನಿನ ತೊಟ್ಟಿ. ಇವತ್ತಿಗೂ ಎಲ್ಲಾದರೂ ಅಂಥ ತೊಟ್ಟಿಯಲ್ಲಿ ಗುಳ್ಳೆ ಏಳುವ ಸದ್ದು ಕೇಳಿದರೆ ಆ ಅಂಗಡಿ ನೆನಪಾಗುತ್ತದೆ, ಅಕ್ಕ ಹಲ್ಲು ಕಚ್ಚಿಕೊಂಡು ಕೈ ಚಾಚಿ ಕೂತದ್ದು ನೆನಪಾಗುತ್ತದೆ. ಸನ್ಯಾಸಿಗೆ ಇಂಥ ನೆನಪು ಯಾಕೆ ಎಂದು ಕೇಳಬೇಡ. ಅದು ತಾನಾಗಿ ಹೋಗಿಲ್ಲ, ನಾನೂ ಅಟ್ಟಿಲ್ಲ.

ಬಳೆಗಾರ ತೊಟ್ಟಿ ಇಟ್ಟದ್ದು ಚಂದಕ್ಕಲ್ಲ. ಬಿಗಿಯಾದ ಬಳೆ ತೊಡಿಸುವಾಗ ಹೆಂಗಸರು ಕೈಯನ್ನೇ ನೋಡುತ್ತ ಕೂತರೆ ಕೈ ಬಿಗಿಯುತ್ತದೆ, ಬಳೆ ಒಡೆಯುತ್ತದೆ. ಕಣ್ಣು ಮೀನಿನ ಹಿಂದೆ ಹೋದರೆ ಕೈ ಸಡಿಲ ಬೀಳುತ್ತದೆ. ಸಡಿಲ ಬಿದ್ದ ಕೈಗೆ ಒಂದು ಭಾರ ಇರುತ್ತದೆ. ಆ ಭಾರ ತನ್ನ ಅಂಗೈಗೆ ಬರುವ ತನಕ ಅವನು ಬಳೆ ದೂಡುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಸರಿ, ಕೈ ಹಿಡಿದು ಏನಾದರೂ ಹೇಳುತ್ತ ಕೂರುತ್ತಿದ್ದ. ಈಗ ನಾನು ಹೇಳುತ್ತಿರುವುದು ಹಾಗೆ ಅಕ್ಕನಿಗೆ ಅವನು ಹೇಳಿದ್ದೇ.

ಆ ತೊಟ್ಟಿಗೆ ಅವನು ಕಿರುಬೆರಳುದ್ದದ ಒಂದು ಮೀನು ತಂದ. ಎಷ್ಟು ಬೆಳೆಯುತ್ತದೆ ಎಂದು ಮಾರಿದವನು ಹೇಳಲಿಲ್ಲ, ಇವನು ಕೇಳಲಿಲ್ಲ. ಚಳಿ ತಡೆಯದ ಜಾತಿ. ಅದಕ್ಕಾಗಿ ನೀರು ಬೆಚ್ಚಗಿಡುವ ಗಾಜಿನ ಹೀಟರ್ ತಂದು ತೊಟ್ಟಿಯ ಒಂದು ಮೂಲೆಯಲ್ಲಿ ನಿಲ್ಲಿಸಿದ. ಮರಿಮೀನು ಹೀಟರಿನ ಹಿಂದಿನ ಸಂದಿಯಲ್ಲಿ ಸೇರಿಕೊಂಡಿತು. ಊಟ, ಆಟ ಹೊರಗೆ, ನಿದ್ದೆ ಅಲ್ಲಿ.

ಎರಡು ವರ್ಷಕ್ಕೆ ಮೀನು ಗೇಣುದ್ದ ದಾಟಿತು. ಬಾಲ ಬೀಸಿದರೆ ನೀರು ಅಂಗಡಿಯ ನೆಲಕ್ಕೆ ಹಾರುತ್ತಿತ್ತು. ಆ ಚಳಿಗಾಲ ಒಂದು ಸಂಜೆ ಮೀನಿನ ಮೈ ತಗುಲಿ ಹೀಟರ್ ಟಪ್ಪೆಂದು ಒಡೆಯಿತು. ಬಳೆಗಾರ ಓಡಿಹೋಗಿ ಸ್ವಿಚ್ ಆರಿಸಿದ. ಹೊಸದು ತಂದ. ವಾರದೊಳಗೆ ಅದೂ ಒಡೆಯಿತು.

ಅವನಿಗೆ ರೋಷ ಬಂತು. ಸಾವಿರ ಬಳೆಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಊರೂರು ಸುತ್ತಿ ಒಂದೂ ಒಡೆಯದಂತೆ ತಂದವನು ನಾನು, ಒಂದು ಗಾಜಿನ ಕೊಳವೆ ಕಾಪಾಡಲಾರೆನೇ ಅಂದುಕೊಂಡ. ಪ್ಲಾಸ್ಟಿಕ್ ಪೈಪಿಗೆ ಸುತ್ತಲೂ ತೂತು ಕೊರೆದು ಹೀಟರಿಗೆ ತೊಡಿಸಿದ. ಮೀನು ಪೈಪನ್ನೇ ಕಿತ್ತು ಹಾಕಿತು. ಪೈಪಿನ ಮುಂದೆ ಕಲ್ಲು ಪೇರಿಸಿದ. ಮೀನು ಕಲ್ಲನ್ನು ಮೂತಿಯಿಂದ ದೂಡಿತು. ಕಲ್ಲು ಉರುಳಿ ಗಾಳಿಯ ಕೊಳವೆ ಜಜ್ಜಿಹೋಯಿತು. ಕಡೆಗೆ ಆ ಮೂಲೆಗೇ ಅಡ್ಡಲಾಗಿ ಸ್ಟೀಲ್ ಜಾಲರಿ ಬಿಗಿದ. ಈ ಸಲ ಬಳೆಗಾರ ಗೆದ್ದ. ಹೀಟರ್ ಒಡೆಯಲಿಲ್ಲ. ಮೀನು ಮಾತ್ರ ದಿನಾ ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಜಾಲರಿಗೆ ಮೈ ಒತ್ತಿ ಉಜ್ಜಿಕೊಳ್ಳುತ್ತಿತ್ತು. ಹುರುಪೆ ಉದುರಿತು. ಮೂತಿ ಹುಣ್ಣಾಯಿತು. ಹಾಕಿದ ಆಹಾರ ಹಾಗೇ ತಳ ಸೇರಿತು.

ಅವನ ಹೆಂಡತಿ ನೇರ ಮಾತಿನವಳು. "ಹೀಗೇ ಬಿಟ್ರೆ ಸಾಯುತ್ತೆ ಕಣ್ರೀ. ಜಾಲರಿ ತೆಗೆದ್ರೆ ಹೀಟರ್ ಒಡೆದು ಯಾರಿಗಾದ್ರೂ ಕರೆಂಟ್ ಹೊಡೆಯುತ್ತೆ. ಭಾನುವಾರ ಮಾರಿದವನಿಗೇ ವಾಪಸ್ ಕೊಟ್ಟು ಬನ್ನಿ," ಅಂದಳು.

"ಅವನು ಇಷ್ಟು ದೊಡ್ಡದನ್ನ ಎಲ್ಲಿ ಇಟ್ಕೋತಾನೆ? ಕುಯ್ದು ಸಾರು ಮಾಡ್ಕೋತಾನೆ ಅಷ್ಟೆ."

"ಇಲ್ಲಿದ್ರೆ ಬದುಕುತ್ತಾ ಹೇಳಿ."

ತನ್ನ ಕೈಯಾರೆ ತಂದು ಸಾಕಿದ್ದನ್ನು ತನ್ನ ಕೈಯಾರೆ ಸಾಯಲು ಒಯ್ಯಬೇಕಲ್ಲ ಎಂದು ಬಳೆಗಾರನಿಗೆ ತುಂಬ ದುಃಖವಾಯಿತು.

ಶನಿವಾರ ಸಂಜೆ ಮೀನು ಹಿಡಿಯಲು ಅನುಕೂಲವಾಗಲೆಂದು ಪ್ಲಗ್ ಕಿತ್ತ. ಜಾಲರಿ ಬಿಚ್ಚಿದ, ಹೀಟರ್ ಹೊರಗೆ ತೆಗೆದ. ಅಂಗಿಯ ತೋಳು ಮಡಚಿ ಆ ಮೂಲೆಗೆ ಕೈ ಇಳಿಬಿಟ್ಟ. ಕಡಿಯುತ್ತದೆ ಎಂದು, ಬಳೆ ತೊಡುವ ಹೆಂಗಸರ ಹಾಗೆಯೇ ಹಲ್ಲು ಕಚ್ಚಿಕೊಂಡ. ಮೀನು ಬಂತು. ಕೈಯನ್ನು ಒಂದು ಸುತ್ತು ಬಳಸಿತು. ಕೈಗೂ ಗಾಜಿಗೂ ನಡುವಿನ ಸಂದಿಯಲ್ಲಿ ತನ್ನ ಅಷ್ಟು ದೊಡ್ಡ ಮೈ ತೂರಿಸಲು ನೋಡಿತು. ಆಗಲಿಲ್ಲ. ಮತ್ತೆ ನೋಡಿತು. ಆಮೇಲೆ ಅವನ ಅಂಗೈಗೆ ಒರಗಿ ಈಜುವುದನ್ನು ನಿಲ್ಲಿಸಿಬಿಟ್ಟಿತು. ಸಡಿಲ ಬಿದ್ದ ಆ ಭಾರ ಅಂಗೈಗೆ ಬಂತು. ಮೂವತ್ತು ವರ್ಷದಿಂದ ಅವನ ಅಂಗೈಗೆ ಪರಿಚಯವಿದ್ದದ್ದು ಅದೊಂದೇ.

ಮೀನು ಒಡೆಯಲು ಬರುತ್ತಿರಲಿಲ್ಲ, ಮಲಗಲು ಬರುತ್ತಿತ್ತು. ತಾನು ಬೆಳೆದದ್ದು ಅದಕ್ಕೆ ತಿಳಿದಿರಲಿಲ್ಲ. ತಾನು ಮಲಗುವ ಜಾಗ ಯಾವುದು ಎಂಬುದಷ್ಟೇ ತಿಳಿದಿತ್ತು. ಇಷ್ಟು ದಿನ ಅದರ ಜೊತೆ ಜಗಳವಾಡಿದ್ದಕ್ಕೆ ಬಳೆಗಾರನಿಗೆ ನಾಚಿಕೆಯಾಯಿತು. ತೊಟ್ಟಿಗೆ ಕಂಬಳಿ ಹೊದಿಸಿ ಬಾಗಿಲು ಹಾಕಿದ.

ಭಾನುವಾರ ಅವನು ಮೀನು ಮಾರಿದವನ ಅಂಗಡಿಗೆ ಹೋಗಲಿಲ್ಲ. ಗಾಜು ಕೊಯ್ಯುವವನ ಮನೆಗೆ ಹೋಗಿ ಬಾಗಿಲು ತಟ್ಟಿದ. ದೊಡ್ಡ ತೊಟ್ಟಿಯ ಹಿಂದೆ ಒಂದು ಸಣ್ಣ ತೊಟ್ಟಿ ಮಾಡಿಸಿದ. ಹೀಟರ್, ಕೊಳವೆ, ಒಡೆಯುವಂಥದ್ದೆಲ್ಲ ಅದರೊಳಗೆ ಹೋಯಿತು. ಅಲ್ಲಿ ಬೆಚ್ಚಗಾದ ನೀರನ್ನು ಪುಟ್ಟ ಮೋಟರು ಎತ್ತಿ ತಂದು ದೊಡ್ಡ ತೊಟ್ಟಿಯ ಆ ಮೂಲೆಗೇ ಬಿಡುತ್ತಿತ್ತು. ಮೂಲೆಯಲ್ಲಿ ಇನ್ನೇನೂ ಇರಲಿಲ್ಲ. ಮೀನು ಅಲ್ಲಿ ಏಳು ವರ್ಷ ಮಲಗಿತು. ಅಕ್ಕನಿಗೆ ಮದುವೆಯ ಬಳೆ ತೊಡಿಸಿದ ದಿನವೂ ಅದು ಅಲ್ಲಿತ್ತು. ಅಕ್ಕ ಆವತ್ತು ಹಲ್ಲು ಕಚ್ಚಲಿಲ್ಲ, ಮೀನು ನೋಡುತ್ತ ನಗುತ್ತಿದ್ದಳು. ಈಗ ಆ ಅಂಗಡಿಯೂ ಇಲ್ಲ, ಅಕ್ಕನೂ ಇಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಮಲ್ಲನಿಗೆ ಕತೆ ಹಿಡಿಸಿತು. ಆದರೆ ಉಗ್ರಾಣದವನ ಯೋಚನೆ ಉಗ್ರಾಣ ಬಿಟ್ಟು ಎಲ್ಲಿಗೆ ಹೋದೀತು.

"ಹಾಗಾದ್ರೆ ಬೀಗ ಬೇಡ. ಜಾಡಿಗಳನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿಬಿಡ್ಲಾ ಬುದ್ಧಿ?" ಎಂದು ಕೇಳಿದ.

"ಸಾಗಿಸು," ಅಂದರು ಗುರುಗಳು, "ಒಲೆಯ ಪಕ್ಕದ ಗೋಡೆ ಮಾತ್ರ ಬಿಟ್ಟಿರು, ಅವ್ವನನ್ನು ಮಣ್ಣು ಮಾಡಿದ ದಿನ ಬಂದ ಆ ಹುಡುಗ ಆರು ವರ್ಷ ಮಲಗಿದ್ದು ಆ ಗೋಡೆಗೆ ಒರಗಿ."