ಹಾರ ಹಾಕಿಸಿಕೊಂಡ ಸರ್ವರ್

ಒಂದು ಊರಿನ ಆಸ್ಪತ್ರೆಗಳೆಲ್ಲ ಸೇರಿ ರಕ್ತನಿಧಿ ನಡೆಸುತ್ತಿದ್ದವು. ಯಾವ ಗುಂಪಿನ ರಕ್ತ ಎಲ್ಲಿದೆ ಎಂದು ಮೊಬೈಲಿನ ಆ್ಯಪ್ ನೋಡಿದರೆ ತಿಳಿಯುತ್ತಿತ್ತು. ಅದನ್ನು ನಡೆಸಲು ರಕ್ತನಿಧಿಯ ಕಚೇರಿಯಲ್ಲಿ ಸರ್ವರ್ ಎಂಬ ದೊಡ್ಡ ಕಂಪ್ಯೂಟರೊಂದು ಇತ್ತು. ಅದು ಕೈಕೊಟ್ಟರೆ ಕೆಲಸ ಎತ್ತಿಕೊಳ್ಳಲೆಂದು ಪಕ್ಕದಲ್ಲೇ ಇನ್ನೊಂದನ್ನು ತಂದಿಟ್ಟಿದ್ದರು.

ಕಚೇರಿಯ ಯಜಮಾನರಾದ ಕೊಟ್ರೇಶಪ್ಪನವರಿಗೆ ಆ ಎರಡನೆಯದರ ಮೇಲೆ ಬಲು ಅಕ್ಕರೆ. ಆಯುಧಪೂಜೆಯ ದಿನ ದುಡಿಯುವ ಸರ್ವರ್‌ಗೆ ಒಂದು ಚೆಂಡುಹೂವು, ಸುಮ್ಮನೆ ಕೂತದ್ದಕ್ಕೆ ಮಾರುದ್ದದ ಹಾರ! ಬಂದವರಿಗೆಲ್ಲ ಅದನ್ನು ತೋರಿಸಿ, ನಮಗೇನೂ ಭಯವಿಲ್ಲ ಎನ್ನುತ್ತಿದ್ದರು.

ಹೊಸದಾಗಿ ಸೇರಿದ ಎಂಜಿನಿಯರ್ ನಾಗವೇಣಿಗೆ ಮಾತ್ರ ಭಯವಿತ್ತು. ಮೊದಲನೆಯದನ್ನು ನಿಲ್ಲಿಸಿ, ಎರಡನೆಯದು ಏಳುತ್ತದೋ ಇಲ್ಲವೋ ಎಂದು ಯಾರಾದರೂ ನೋಡಿದ್ದೀರಾ ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. ನಡೆಯುವುದನ್ನು ನಿಲ್ಲಿಸುವುದು ಅಪಶಕುನ ಎಂದರು ಕೊಟ್ರೇಶಪ್ಪ. ಅವಳು ಪಟ್ಟು ಬಿಡಲಿಲ್ಲ. ಹಿಂದೆ ಅವಳ ಅಕ್ಕನ ಹೆರಿಗೆಯಲ್ಲಿ, ರಕ್ತ ಎಲ್ಲಿ ಸಿಗುತ್ತದೆಂದು ತಿಳಿಯದೆ ಮನೆಯವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದರು. ಅಕ್ಕ ಉಳಿಯಲಿಲ್ಲ. ಆ ಗತಿ ಇನ್ನೊಬ್ಬರಿಗೆ ಬರಬಾರದೆಂದೇ ಅವಳು ಈ ಕೆಲಸಕ್ಕೆ ಬಂದದ್ದು.

ಆ ವರ್ಷದ ಆಯುಧಪೂಜೆ ಬಂತು. ಮಂಗಳಾರತಿ ಆದಮೇಲೆ ನಾಗವೇಣಿ, "ಸರ್, ಇವತ್ತು ದುಡಿಯೋ ಆಯುಧಕ್ಕೆ ವಿಶ್ರಾಂತಿ ಕೊಡೋ ದಿನ. ಮೊದಲನೇದಕ್ಕೆ ಒಂದು ಗಳಿಗೆ ಕೊಡೋಣ. ಆಸ್ಪತ್ರೆಗಳಿಗೆಲ್ಲ ಆಗಲೇ ಹೇಳಿದೀನಿ, ಅಲ್ಲೀವರೆಗೆ ಫೋನ್‌ನಲ್ಲೇ ವಿಚಾರಿಸ್ಕೋತಾರೆ," ಎಂದಳು. ಶಾಸ್ತ್ರಕ್ಕೆ ಎದುರಾಡುವುದು ಹೇಗೆ? ಯಜಮಾನರು ತಲೆಯಾಡಿಸಿದರು.

ಅವಳು ಮೊದಲನೆಯದನ್ನು ನಿಲ್ಲಿಸಿದಳು. ಆ್ಯಪ್ ನಿಂತೇ ಹೋಯಿತು. ಹಾರ ಹಾಕಿಸಿಕೊಂಡದ್ದು ಮಿಸುಕಲಿಲ್ಲ. ಪಕ್ಕದ್ದು ನಿಂತಿತೆಂದು ಅದಕ್ಕೆ ತಿಳಿಸುವ ಏರ್ಪಾಡನ್ನೇ ಯಾರೂ ಮಾಡಿರಲಿಲ್ಲ. ತೆರೆದು ನೋಡಿದರೆ ಒಳಗಿದ್ದದ್ದು ಅದನ್ನು ತಂದ ದಿನದ ಮಾಹಿತಿ. ಎಂದೋ ಖರ್ಚಾದ ರಕ್ತವನ್ನೆಲ್ಲ ಇನ್ನೂ ಇದೆ ಎನ್ನುತ್ತಿತ್ತು. ಊಟಕ್ಕಿಲ್ಲದ ಉಪ್ಪಿನಕಾಯಿ!

ಕೊಟ್ರೇಶಪ್ಪನವರ ಮುಖ ಬೆವರಿತು. "ಇದನ್ನ ನಂಬ್ಕೊಂಡು ಊರಿಗೆಲ್ಲ ಧೈರ್ಯ ಹೇಳ್ತಿದ್ನಲ್ಲಮ್ಮ," ಎಂದರು.

ನಾಗವೇಣಿ ಮೊದಲನೆಯದನ್ನು ಮತ್ತೆ ಚಾಲೂ ಮಾಡಿ ಕೆಲಸಕ್ಕೆ ಕೂತಳು. ಅದರಲ್ಲಿ ದಾಖಲಾದದ್ದೆಲ್ಲ ಆ ಕ್ಷಣವೇ ಎರಡನೆಯದರಲ್ಲೂ ಮೂಡುವಂತೆ ಮಾಡಿದಳು. ಎರಡನೆಯದು ಮೊದಲನೆಯದನ್ನು ಇದ್ದೀಯಾ ಎಂದು ಸದಾ ವಿಚಾರಿಸುತ್ತಿರಬೇಕು, ಉತ್ತರ ಬಾರದಿದ್ದರೆ ತಾನೇ ಮುಂದೆ ಬರಬೇಕು. ಮೊದಲನೆಯದನ್ನು ನಿಲ್ಲಿಸಿ ನೋಡಿದಳು, ಸೋತಳು. ತಿದ್ದಿದಳು, ಮತ್ತೆ ಸೋತಳು. ಕೊನೆಗೊಂದು ದಿನ ಅದು ಎದ್ದು ನಿಂತಿತು. ಅಷ್ಟಕ್ಕೂ ಸುಮ್ಮನಾಗದೆ, ತಿಂಗಳಿಗೊಮ್ಮೆ ಹೀಗೆ ನಿಲ್ಲಿಸಿ ನೋಡುವುದನ್ನು ಕಚೇರಿಯ ನೇಮ ಮಾಡಿಸಿದಳು.

ಬೇಸಿಗೆಯ ಒಂದು ಮಧ್ಯಾಹ್ನ ಕಚೇರಿಯಲ್ಲಿ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಮೊದಲನೆಯ ಸರ್ವರ್ ಕರಕಲಾಗಿತ್ತು. ಯಾವಾಗ ನಿಂತಿತೋ ಯಾರಿಗೂ ಗೊತ್ತಿಲ್ಲ, ಆ್ಯಪ್ ನಿಂತಿದ್ದರೆ ತಾನೇ ಗೊತ್ತಾಗುವುದು? ನಾಗವೇಣಿ ಎರಡನೆಯದರ ಪರದೆ ತೆರೆದಳು. ಮೊದಲನೆಯದು ನಿಂತ ಮೇಲೆ ಒಂದು ಆಸ್ಪತ್ರೆಯವರು ಒಬ್ಬ ಬಾಣಂತಿಗಾಗಿ ಓ ನೆಗೆಟಿವ್ ರಕ್ತ ಹುಡುಕಿದ್ದರು. ಸಿಕ್ಕಿತ್ತು.

ಕೊಟ್ರೇಶಪ್ಪನವರು ಆ ಆಸ್ಪತ್ರೆಗೆ ಫೋನ್ ಮಾಡಿದರು. ರಕ್ತ ಏರಿಸಿ ಆಯಿತು, ಈಗ ಮಗುವಿನ ಜೊತೆ ಮಲಗಿದ್ದಾಳೆ ಎಂದಳು ನರ್ಸ್. ಅದನ್ನು ಕೇಳಿದ ನಾಗವೇಣಿ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ನೀತಿ: ಆಪತ್ತಿಗೆಂದು ಇಟ್ಟುಕೊಂಡದ್ದಕ್ಕೆ ಕೈಮುಗಿದರೆ ಸಾಲದು, ಒಳ್ಳೆಯ ದಿನದಲ್ಲೇ ಅದನ್ನು ದುಡಿಸಿ ನೋಡಬೇಕು.